ಆಯ್ತು ಎಂದ ಮೇಲಿನ ಮುಖ

ಫೋಟೋಗೆ ಕೂತವರಿಗೆ "ಆಯ್ತು" ಎಂದು ಹೇಳಿದ ಕೂಡಲೇ ಅವರ ಮುಖಕ್ಕೆ ಏನೋ ಆಗುತ್ತದೆ. ಇದನ್ನು ನಮ್ಮ ಯಜಮಾನರು ಕಂಡುಕೊಂಡದ್ದು ಐವತ್ತೆರಡನೆಯ ವಯಸ್ಸಿನಲ್ಲಿ, ಅದೂ ಕೈತಪ್ಪಿನಿಂದ.

ಅದಕ್ಕೆ ಮುಂಚೆ ಇಪ್ಪತ್ತೇಳು ವರ್ಷ ಅವರು ಒಂದೇ ಸ್ಟೂಲಿನ ಮೇಲೆ, ಒಂದೇ ಬೂದು ಪರದೆಯ ಮುಂದೆ ಊರಿನವರನ್ನೆಲ್ಲ ಕೂರಿಸಿದ್ದರು. ಅರ್ಜಿಗೆ ಅಂಟಿಸುವ ಫೋಟೋ, ಗುರುತಿನ ಚೀಟಿಯ ಫೋಟೋ, ಹಲ್ಲು ಬಿದ್ದ ಮಗುವಿನ ಫೋಟೋ. ಎಲ್ಲ ಫಿಲ್ಮಿನಲ್ಲೇ. ನಾನು ಒಳಕೋಣೆಯ ಕಿಟಕಿಯ ಬಳಿ ಕೂತು ನೆಗೆಟಿವ್ ತಿದ್ದುತ್ತಿದ್ದೆ. ನೆಗೆಟಿವ್‌ನಲ್ಲಿ ಮುಖದ ಮಚ್ಚೆ ತಿಳಿಯಾದ ಚುಕ್ಕೆಯಾಗಿ ಕಾಣುತ್ತದೆ. ಅದನ್ನು ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ತುಂಬಿದರೆ ಕಾಗದದ ಮೇಲೆ ಮಚ್ಚೆಯೇ ಇರುವುದಿಲ್ಲ. "ಬಿ.ಎ. ಓದಿ ಊರವರ ಮೊಡವೆ ಅಳಿಸ್ತಾ ಕೂತಿದಾಳೆ" ಎಂದು ನನ್ನ ಅಣ್ಣ ಆಡಿಕೊಳ್ಳುತ್ತಿದ್ದ. ನನಗೇನೂ ಬೇಸರವಿರಲಿಲ್ಲ. ಕೆನ್ನೆಯ ಮೇಲೆ ಸುಟ್ಟ ಕಲೆಯಿದ್ದ ಹುಡುಗಿಯೊಬ್ಬಳು ತನ್ನ ಫೋಟೋ ನೋಡಿ, ಅದನ್ನು ಎದೆಗೊತ್ತಿಕೊಂಡು ಮೆಟ್ಟಿಲಿಳಿದು ಹೋದದ್ದು ನನಗೆ ಇನ್ನೂ ನೆನಪಿದೆ.

ಬೇಸರವಿದ್ದದ್ದು ಅವರಿಗೆ. ವರ್ಷಕ್ಕೊಮ್ಮೆ ಕಲಾಭವನದಲ್ಲಿ ಛಾಯಾಚಿತ್ರಗಳ ಪ್ರದರ್ಶನ ನಡೆಯುತ್ತಿತ್ತು. ಪ್ರತಿವರ್ಷವೂ ಇವರು ಆರು ಚಿತ್ರ ಕಳಿಸುತ್ತಿದ್ದರು. ಸೇತುವೆಯ ಮೇಲಿನ ಮಂಜು, ಒದ್ದೆ ರಸ್ತೆಯಲ್ಲಿ ಸೈಕಲ್ಲು, ಅಂಥವು. ಆರೂ ವಾಪಸು ಬರುತ್ತಿದ್ದವು, ಜೊತೆಗೊಂದು ಚೀಟಿ: "ಚಿತ್ರಗಳು ಚೊಕ್ಕವಾಗಿವೆ."

"ಚೊಕ್ಕವಾಗಿದೆ ಅಂದ್ರೆ ಸತ್ತಿದೆ ಅಂತ ಅರ್ಥ ಕಣೇ" ಎನ್ನುತ್ತಿದ್ದರು.

ಭಾನುವಾರ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಟರೆ ಬಿಸಿಲಿಳಿದ ಮೇಲೆ ಬರುತ್ತಿದ್ದರು. "ಏನಾದ್ರೂ ಸಿಕ್ತಾ?" ಎಂದರೆ, "ಕಾಲುನೋವು ಸಿಕ್ತು" ಎಂದು ಚಪ್ಪಲಿ ಬಿಡುತ್ತಿದ್ದರು. ತಮಾಷೆಯಾಗಿಯೇ ಹೇಳುತ್ತಿದ್ದರು. ಆದರೆ ಊಟಕ್ಕೆ ಕೂತಾಗ ತಟ್ಟೆಯ ಮುಂದೆ ಸುಮ್ಮನೆ ಕೈಯಿಟ್ಟುಕೊಂಡು ಕೂತಿರುವುದನ್ನು ನಾನು ನೋಡುತ್ತಿದ್ದೆನಲ್ಲ.

ಒಂದು ದಿನ ಒಬ್ಬ ಪೋಸ್ಟ್‌ಮ್ಯಾನ್ ಬಂದ. ಆ ತಿಂಗಳು ನಿವೃತ್ತಿ, ಕಾಗದಪತ್ರಕ್ಕೆ ಫೋಟೋ ಬೇಕಾಗಿತ್ತು. ಇವರು ಒಂದು ತೆಗೆದು "ಆಯ್ತು" ಎಂದರು. ಫಿಲ್ಮ್ ತಿರುಗಿಸುವಾಗ ಬೆರಳು ಜಾರಿ ಮತ್ತೊಂದು ಕ್ಲಿಕ್ಕು ಬಿತ್ತು. ವ್ಯರ್ಥವಾಯಿತೆಂದು ಗೊಣಗಿಕೊಂಡು ತೊಳೆಯಲು ಒಳಗೆ ಒಯ್ದರು. ಸ್ವಲ್ಪ ಹೊತ್ತಿಗೆ ಕತ್ತಲೆ ಕೋಣೆಯಿಂದ ನನ್ನನ್ನು ಕೂಗಿದರು.

ಕೆಂಪು ದೀಪದ ಕೆಳಗೆ, ಫೋಟೋ ತೊಳೆಯುವ ತಟ್ಟೆಯ ನೀರಿನಲ್ಲಿ ಪೋಸ್ಟ್‌ಮ್ಯಾನನ ಮುಖ ಮೇಲೆದ್ದು ಬಂದಿತ್ತು. ಅವನ ಬೆನ್ನು ಸಡಿಲಾಗಿತ್ತು. ಒಂದು ಕೈ ಹೆಗಲಿನ ಚೀಲಕ್ಕೆ ಹೋಗಿತ್ತು. ಹೆಗಲಿನಲ್ಲಿ ಚೀಲವಿರಲಿಲ್ಲ.

"ಇದು ಕಣೇ" ಎಂದರು ಇವರು. ನಾನು ಅವರ ತೋಳು ಹಿಡಿದುಕೊಂಡೆ. ಮದುವೆಯಾದ ಮೇಲೆ ಅವರನ್ನು ಅಷ್ಟು ಸಂತೋಷದಲ್ಲಿ ನಾನು ನೋಡಿರಲಿಲ್ಲ.

ಅಂದಿನಿಂದ ಬಂದವರಿಗೆಲ್ಲ ಎರಡು ಕ್ಲಿಕ್ಕು. ಮೊದಲನೆಯದು ಅವರಿಗೆ. "ಆಯ್ತು" ಎಂದ ಮೇಲಿನದು ಇವರಿಗೆ. ನಗುವನ್ನು ಕೆಳಗಿಟ್ಟ ಬ್ಯಾಂಕ್ ಮ್ಯಾನೇಜರ್, ಗಂಡ ಅತ್ತ ತಿರುಗಿದ ತಕ್ಷಣ ಹತ್ತು ವರ್ಷ ದೊಡ್ಡವಳಾದ ಹೊಸ ಹೆಂಡತಿ, ಕನ್ನಡಿಯ ಕಡೆ ನೋಡದೆ ಎದ್ದು ಹೋದ ನಟ. ಒಂದೊಂದು ಮುಖ ಬಂದಾಗಲೂ ನಾವಿಬ್ಬರೂ ತಟ್ಟೆಯ ಮೇಲೆ ಬಗ್ಗಿ ನೋಡುತ್ತಿದ್ದೆವು. ಇವರು ಸ್ನಾನ ಮಾಡುವಾಗ ಹಾಡು ಗುನುಗಲು ಶುರುಮಾಡಿದರು. ಇದು ಕದಿಯುವುದಲ್ಲವೇ ಎಂದು ನನಗೆ ಆಗ ಹೊಳೆಯಲಿಲ್ಲ. ಹೊಳೆದಿದ್ದರೆ ಬಾಯಿಬಿಡುತ್ತಿದ್ದೆನೆ? ಅದೂ ಗೊತ್ತಿಲ್ಲ.

ನಮ್ಮ ಗೋಡೆಗೆ ಅಂಟಿಕೊಂಡದ್ದು ಟೈಲರ್ ಅಂಗಡಿ. ಟೈಲರೂ ಇವರೂ ಒಂದೇ ತಿಂಗಳಲ್ಲಿ ಅಂಗಡಿ ತೆರೆದವರು, ಹೋಗೋ ಬಾರೋ ಎನ್ನುವ ಸಲಿಗೆ. ಫೋಟೋಗೆ ಬಂದವರ ಅಂಗಿಯ ಗುಂಡಿ ಕಿತ್ತಿದ್ದರೆ ಟೈಲರೇ ಕರೆದು, ಅಂಗಿ ಬಿಚ್ಚಿಸದೆ, ನಿಂತಂತೆಯೇ ಹಾಕಿಕೊಡುತ್ತಿದ್ದರು. ಕೋಟಿಲ್ಲದವರಿಗೆಂದು ಸ್ಟುಡಿಯೋದಲ್ಲಿ ಒಂದು ಕೋಟು ಇಟ್ಟಿದ್ದೆವು. ಅದರ ಬೆನ್ನನ್ನು ಸೀಳಿ, ಯಾವ ಮೈಗಾದರೂ ಹೊಂದುವ ಹಾಗೆ ಲಾಡಿ ಕಟ್ಟಿಕೊಟ್ಟವರೂ ಅವರೇ.

ಅವರ ಒಬ್ಬಳೇ ಮಗಳಿಗೆ ನಾವೆಲ್ಲ ಗುಂಡಿ ಎನ್ನುತ್ತಿದ್ದೆವು. ಎರಡು ವರ್ಷದವಳಿದ್ದಾಗ ಶರಟಿನ ಗುಂಡಿ ನುಂಗಿ ಇಡೀ ಬೀದಿಯನ್ನು ಆಸ್ಪತ್ರೆಗೆ ಓಡಿಸಿದವಳು. ಈಗ ಬಿ.ಎ. ಮುಗಿಸಿದ್ದಳು. ದೂರದ ಊರಿನಲ್ಲಿ, ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುವ ತರಬೇತಿಗೆ ಸೀಟು ಸಿಕ್ಕಿತ್ತು. ಎರಡು ವರ್ಷ ಅಲ್ಲೇ ಇರಬೇಕು, ಮುಂದಿನ ತಿಂಗಳ ಒಂದನೇ ತಾರೀಕು ಸೇರಬೇಕು. ಅವಳ ಅಮ್ಮ ತೀರಿಕೊಂಡು ಎಂಟು ತಿಂಗಳಾಗಿತ್ತು.

"ಅಪ್ಪನ್ನ ಒಬ್ಬರನ್ನೇ ಬಿಟ್ಟು ಹೋಗಲ್ಲ" ಎಂದು ಗುಂಡಿ ಹಟ ಹಿಡಿದಿದ್ದಳು. ಅದಕ್ಕೇ ಟೈಲರು ನಗತೊಡಗಿದ್ದರು. ಮೆಷಿನ್ ತುಳಿಯುತ್ತ ಹಾಡು, ಗಿರಾಕಿಗಳ ಹತ್ತಿರ ಚೇಷ್ಟೆ, ಮಗಳು ಮಾಡಿದ ಸಾರಿಗೆ ಎರಡೆರಡು ಸಲ ಹೊಗಳಿಕೆ. ರವಿಕೆ ಹೊಲಿಸಲು ಹೋದಾಗ ನನ್ನೊಬ್ಬಳಿಗೆ ಹೇಳಿದ್ದರು: "ಅವಳು ಬಸ್ ಹತ್ತೋ ತನಕ ಹೀಗೆ ನಡೆಸಿಬಿಟ್ರೆ ಸಾಕು ಅಕ್ಕಾ. ಆಮೇಲೆ ನನ್ನ ಪಾಡಿಗೆ ನಾನು ಕೂತ್ಕೋತೀನಿ."

"ಕೂತ್ಕೊಂಡು?"

"ಅಳ್ತೀನಿ ಅಂದ್ಕೊಳ್ಳಿ. ಇನ್ನೂ ಅತ್ತಿಲ್ಲ ನಾನು, ಪುರುಸೊತ್ತಾಗಿಲ್ಲ" ಎಂದು ನಕ್ಕರು. ಬಾಯಲ್ಲಿದ್ದ ದಾರವನ್ನು ಕತ್ತರಿಸಿದರು.

ಹಾಸ್ಟೆಲಿನ ಅರ್ಜಿಗೆ ತಂದೆಯ ಫೋಟೋ ಬೇಕೆಂದು ಗುಂಡಿಯೇ ಅವರನ್ನು ನಮ್ಮಲ್ಲಿಗೆ ಎಳೆದು ತಂದಳು.

"ಏನೋ ಕಲಾವಿದ, ಇವತ್ತು ಎಷ್ಟು ಮೂಗು ಹಿಡಿದೆ?" ಎನ್ನುತ್ತ ಟೈಲರು ಸ್ಟೂಲಿನ ಮೇಲೆ ಕೂತರು. ಅಳತೆಯ ಟೇಪು ಕೊರಳಲ್ಲೇ ಇತ್ತು.

"ಅಪ್ಪಾ, ಟೇಪು ತೆಗೀರಿ. ಹಾವಾಡಿಸೋರ ಥರ ಕಾಣ್ತೀರಿ" ಎಂದು ಗುಂಡಿ ಅದನ್ನು ಕಿತ್ತುಕೊಂಡಳು. ಅಪ್ಪನ ಕೂದಲಿಗೆ ಕೈಯಿಂದಲೇ ಬೈತಲೆ ತೀಡಿದಳು. ಅಂಗಡಿಯಲ್ಲಿ ಗಿರಾಕಿ ಕೂಗಿದರೆಂದು ಓಡಿದಳು.

"ನಗೋ" ಎಂದರು ಇವರು. ಟೈಲರು ನಕ್ಕರು. ಕ್ಲಿಕ್ಕು.

"ಆಯ್ತು."

ನಾನು ಬಾಗಿಲಲ್ಲಿ ನಿಂತಿದ್ದೆ. ಎರಡನೆಯ ಕ್ಲಿಕ್ಕು ಕೇಳಿಸಿತು. ಅವರಿಗೂ ಹಾಗೆ ಮಾಡುತ್ತಾರೆಂದು ನಾನು ಅಂದುಕೊಂಡಿರಲಿಲ್ಲ.

ಆ ಮುಖವನ್ನು ಹೇಗೆ ಹೇಳಲಿ. ಕಣ್ಣೀರಿರಲಿಲ್ಲ, ಬಾಯಿ ವಕ್ರವಾಗಿರಲಿಲ್ಲ. ಮನೆಯವರೆಲ್ಲ ಖಾಲಿ ಮಾಡಿ ಹೋದ ಮೇಲೆ ಬಾಗಿಲು ಹಾಕದೆ ಬಿಟ್ಟ ಮನೆಯ ಹಾಗಿತ್ತು. ಕೊರಳಿನಲ್ಲಿ ಟೇಪಿಲ್ಲದ್ದು ಗೊತ್ತಾಗದೆ ಒಂದು ಕೈ ಅದರ ತುದಿಯನ್ನು ಹುಡುಕುತ್ತಿತ್ತು. ತಟ್ಟೆಯ ನೀರಿನಲ್ಲಿ ಅದು ಮೂಡಿದಾಗ ಇವರು ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

"ಇದನ್ನ ಕಳಿಸ್ತೀನಿ. ಇದೊಂದೇ ಸಾಕು."

"ಅವರನ್ನ ಕೇಳಿ."

"ಕೇಳಿದ್ರೆ ಬೇಡ ಅಂತಾನೆ."

"ಬೇಡ ಅಂದ್ರೆ ಬೇಡ. ಗುಂಡಿ ನೋಡಿದ್ರೆ ಏನಾಗತ್ತೆ ಯೋಚನೆ ಮಾಡಿದೀರಾ? ಒಂದನೇ ತಾರೀಕು ಅವಳು ಬಸ್ ಹತ್ತಲ್ಲ."

"ಕಲಾಭವನಕ್ಕೆ ಅವಳು ಯಾಕೆ ಬರ್ತಾಳೆ? ಹೊಲಿಗೆ ಬಿಟ್ರೆ ಪುಸ್ತಕ, ಪುಸ್ತಕ ಬಿಟ್ರೆ ಹೊಲಿಗೆ."

"ಮುಂದಿನ ವರ್ಷ ಕಳಿಸಿ. ಅಷ್ಟು ಹೊತ್ತಿಗೆ ಅವಳು ಅಲ್ಲಿ ಬೇರು ಬಿಟ್ಟಿರ್ತಾಳೆ."

ಇವರು ನನ್ನ ಕಡೆ ನೋಡಿದರು. "ಇಪ್ಪತ್ತೇಳು ವರ್ಷ ಕಾದಿದೀನಿ. ಇನ್ನೊಂದು ವರ್ಷ ಕಾಯಿ ಅಂತ ನೀನು ಹೇಳ್ತೀಯ. ನೀನು."

ಆ "ನೀನು" ನನ್ನನ್ನು ತಟ್ಟಿತು. ಸರಿ, ನಾನೇ ಕೇಳುತ್ತೇನೆ ಎಂದೆ.

ಮೂರು ಸಲ ಹೋದೆ. ಮೊದಲ ಸಲ ಗಿರಾಕಿಗಳಿದ್ದರು. ಎರಡನೆಯ ಸಲ ಗುಂಡಿ ಪೆಟ್ಟಿಗೆಗೆ ಬಟ್ಟೆ ಜೋಡಿಸುತ್ತ ಅಲ್ಲೇ ಕೂತಿದ್ದಳು. ಮೂರನೆಯ ಸಲ ಟೈಲರು ಒಬ್ಬರೇ ಇದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಎದ್ದು ಬಂದು, "ನಿಮ್ಮ ಕನ್ನಡಕ ಸೆರಗಿನ ತುದೀಲಿ ಒದ್ದಾಡೋದು ನೋಡಕ್ಕಾಗಲ್ಲ ಅಕ್ಕಾ" ಎಂದು, ಉಳಿದ ಮಖಮಲ್ಲಿನಲ್ಲಿ ಹೊಲಿದ ಚೀಲವೊಂದನ್ನು ಕೈಗಿಟ್ಟರು. ಒಳಗೆ ಮೆತ್ತನೆಯ ಅಸ್ತರು ಕೊಟ್ಟಿದ್ದರು. ನಾನು ಚೆನ್ನಾಗಿದೆ ಎಂದೆ. ಬಣ್ಣ ಚೆನ್ನಾಗಿದೆ ಎಂದೆ. ಮನೆಗೆ ಬಂದೆ.

"ಕೇಳಿದೆಯಾ?"

"ಇಲ್ಲ."

ಮರುದಿನವೇ ಚಿತ್ರ ಕಳಿಸಲು ಕೊನೆಯ ದಿನ. ನನಗೊಂದು ಉಪಾಯ ಹೊಳೆಯಿತು. ಯಾರೆಂದು ತಿಳಿಯದಂತೆ ಮಾಡಿದರಾಯಿತಲ್ಲ! ಟೈಲರ ಗದ್ದದ ಎಡಬದಿಗೆ ಕಡಲೆ ಗಾತ್ರದ ಮಚ್ಚೆಯಿತ್ತು. ಎಡಹುಬ್ಬು ನಡುವೆ ಸೀಳಿತ್ತು, ಚಿಕ್ಕಂದಿನಲ್ಲಿ ಕತ್ತರಿ ಬಿದ್ದ ಗುರುತು. ಊರಿನಲ್ಲಿ ಅವರ ಗುರುತು ಹೇಳುವವರು ಇವೆರಡನ್ನೇ ಹೇಳುತ್ತಿದ್ದರು. ನೆಗೆಟಿವ್ ಕಿಟಕಿಗೆ ಹಿಡಿದು ಪೆನ್ಸಿಲಿನಿಂದ ಮಚ್ಚೆಯನ್ನು ತುಂಬಿದೆ. ಹುಬ್ಬಿನ ಸೀಳನ್ನು ಬ್ಲೇಡಿನ ತುದಿಯಿಂದ ಕೂದಲಷ್ಟೇ ಕೆರೆದು ಕೂಡಿಸಿದೆ. ಮಧ್ಯಾಹ್ನವೆಲ್ಲ ಹಿಡಿಯಿತು. ಅಷ್ಟು ನಯವಾದ ಕೆಲಸ ನಾನು ಹಿಂದೆಂದೂ ಮಾಡಿರಲಿಲ್ಲ.

ಇವರು ಪ್ರಿಂಟು ತೆಗೆದು ನೋಡಿದರು. "ಯಾರೋ ಬೇರೆಯವನೇ ಆಗಿಬಿಟ್ಟ ನೋಡು."

"ಹೌದು" ಎಂದೆ. ನಿಜವಾಗಿ ನಂಬಿದ್ದೆ. ವರ್ಷಗಟ್ಟಲೆ ಜನ ನನ್ನ ಮುಂದೆ ಕೂತು, ಇದನ್ನು ತೆಗೆಯಿರಿ, ಅದನ್ನು ತೆಗೆಯಿರಿ ಎಂದು ಮುಖದ ಗುರುತುಗಳನ್ನೇ ತೋರಿಸಿದ್ದರು. ಮುಖವೆಂದರೆ ಅವುಗಳ ಮೊತ್ತ ಎಂದು ನನ್ನ ಕೈ ಕಲಿತುಬಿಟ್ಟಿತ್ತು.

ಚಿತ್ರ ಆಯ್ಕೆಯಾಯಿತು. ಮೊದಲ ಬಹುಮಾನವೂ ಬಂತು. ಕಲಾಭವನದ ಬಾಗಿಲಿಗೆ ಎದುರಾಗಿ ಆಳೆತ್ತರಕ್ಕೆ ತೂಗುಹಾಕಿದ್ದರು. ಹೋದವರು ಮಾತು ನಿಲ್ಲಿಸಿ ನೋಡುತ್ತಿದ್ದರು. ಇವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಂಬದ ಪಕ್ಕ ನಿಂತಿದ್ದರು. ಯಾರೋ ಬಂದು ಕೈ ಹಿಡಿದು ಕುಲುಕಿದರೆ, ಆ ಕೈಯನ್ನು ಸ್ವಲ್ಪ ಹೊತ್ತು ಹಾಗೇ ಚಾಚಿಕೊಂಡಿರುತ್ತಿದ್ದರು. ನನಗೆ ಕಣ್ಣು ತುಂಬಿತು. ಅವರ ಸುಖವನ್ನು ನೋಡಿ ನಾನೂ ಸುಖಪಟ್ಟೆ, ಅದನ್ನು ಮುಚ್ಚಿಡುವುದಿಲ್ಲ.

ಒಂದು ವಿಷಯ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಬಹುಮಾನ ಬಂದ ಚಿತ್ರವನ್ನು ಪತ್ರಿಕೆಯವರು ಅಚ್ಚುಹಾಕುತ್ತಾರೆ. ಹಳೆ ಪತ್ರಿಕೆಗಳು ಟೈಲರ್ ಅಂಗಡಿಗೆ ಹೋಗುತ್ತವೆ, ಅಳತೆಯ ಅಚ್ಚು ಕತ್ತರಿಸಲು.

ಇಪ್ಪತ್ತಾರನೇ ತಾರೀಕು ಗುಂಡಿ ನಮ್ಮ ಒಳಕೋಣೆಗೆ ಬಂದಳು. ಇವರು ಹೊರಗೆ ಹೋಗಿದ್ದರು. ಅವಳ ಕೈಯಲ್ಲಿ ತೋಳಿನ ಆಕಾರಕ್ಕೆ ಅರ್ಧ ಕತ್ತರಿಸಿದ ಪತ್ರಿಕೆಯ ಹಾಳೆಯಿತ್ತು.

"ಅತ್ತೆ, ತೋಳಿನ ಅಚ್ಚು ಕತ್ತರಿಸ್ತಿದ್ದೆ. ಕತ್ತರಿ ಅಪ್ಪನ ಕಿವಿ ಹತ್ರ ಬಂತು."

ನಾನು ಹಾಳೆ ತೆಗೆದುಕೊಂಡೆ. ಮೊಣಕೈಯನ್ನು ಮೇಜಿಗೆ ಊರಿದೆ. "ಇದರಲ್ಲಿ ಅಪ್ಪ ಎಲ್ಲಿ? ಯಾರೋ ಅವರ ಹಾಗೇ ಇದಾರೆ ಅಷ್ಟೆ. ಮಚ್ಚೆ ಎಲ್ಲಿದೆ ನೋಡು."

ಹುಡುಗಿ ನನ್ನನ್ನೇ ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು.

"ಮಚ್ಚೆ ನೀವು ತೆಗೀತೀರಿ, ನಂಗೊತ್ತಿಲ್ವಾ? ನನ್ನ ಹತ್ತನೇ ಕ್ಲಾಸಿನ ಫೋಟೋದಲ್ಲಿ ಒಂದು ಮೊಡವೇನೂ ಇಲ್ಲ. ಮಚ್ಚೆ ಹೋದ್ರೆ ಅಪ್ಪ ಬೇರೆ ಯಾರೋ ಆಗ್ತಾರಾ ಅತ್ತೆ?"

ನಾನು ಹಾಳೆಯನ್ನು ಮೇಜಿನ ಮೇಲಿಟ್ಟೆ.

"ಯಾವಾಗ ಹೀಗೆ ಕೂತಿದ್ರು?"

"ನಿನ್ನ ಹಾಸ್ಟೆಲ್ ಫಾರ್ಮಿನ ಫೋಟೋಗೆ ಬಂದಾಗ."

"ನಾನು ಬೈತಲೆ ತೀಡಿದ್ನಲ್ಲ, ಆವತ್ತಾ? ಆಗ ನಗ್ತಾ ಇದ್ರು."

"ನೀನು ಆಚೆ ಹೋದ ಮೇಲೆ."

ಅವಳು ನನ್ನ ಸ್ಟೂಲಿನ ಮೇಲೆ ಕೂತಳು. ಮೇಜಿನ ಮೇಲಿದ್ದ ಪೆನ್ಸಿಲುಗಳನ್ನು ಒಂದರ ಪಕ್ಕ ಒಂದು ಸಾಲಾಗಿ ಇಟ್ಟಳು. ಕೊನೆಯದನ್ನು ಇಟ್ಟು, "ಉಪಕಾರ ಆಯ್ತು ಅತ್ತೆ" ಎಂದಳು. "ಇದು ಕಣ್ಣಿಗೆ ಬೀಳದಿದ್ರೆ ನಾನು ಹೊರಟುಬಿಡ್ತಿದ್ದೆ."

ಬೈದಿದ್ದರೆ ಸಹಿಸುತ್ತಿದ್ದೆ. ಆ ಉಪಕಾರವನ್ನು ಎಲ್ಲಿಡಲಿ ನಾನು? "ಹೋಗು ಗುಂಡಿ" ಎಂದು ಅವಳ ಕೈ ಹಿಡಿದುಕೊಂಡೆ. "ನೀನು ಹೋಗಬೇಕು ಅಂತ್ಲೇ ಅವರು ಇಷ್ಟೆಲ್ಲ ಮಾಡ್ತಿರೋದು. ನಾನಿದೀನಿ, ನಾನು ನೋಡ್ಕೋತೀನಿ."

"ನೀವು ನೋಡಿದ್ರಲ್ಲ" ಎಂದಳು. ಚುಚ್ಚಿ ಹೇಳಲಿಲ್ಲ. ಇದ್ದದ್ದನ್ನು ಹೇಳಿದಳು, ಅಷ್ಟೆ. ಹಾಳೆಯನ್ನು ಮಡಿಸಿಕೊಂಡು ಹೋದಳು.

ಮರುದಿನ ಬೆಳಿಗ್ಗೆ ಟೈಲರು ಬಂದರು. ಇವರು ಕ್ಯಾಮೆರಾ ಒರೆಸುತ್ತಿದ್ದರು.

"ಅವಳು ಹೋಗಲ್ವಂತೆ. ಪೆಟ್ಟಿಗೆ ಬಿಚ್ಚಿಬಿಟ್ಲು" ಎಂದರು ಟೈಲರು. "ನೀವು ನನ್ನನ್ನ ಒಂದು ಮಾತು ಕೇಳಬಹುದಿತ್ತು."

ಈ ಬಹುವಚನಕ್ಕೆ ಇವರು ತಲೆಯೆತ್ತಿದರು. "ಏನೋ ಇದು, ನೀವು ಗೀವು ಅಂತ?"

"ಕೇಳಿದ್ರೆ ಬೇಡ ಅಂತಿದ್ದೆ. ಅದಕ್ಕೇ ಕೇಳಲಿಲ್ಲ ನೀವು."

"ಇಡೀ ಊರು ಬಂದು ನಿನ್ನ ಮುಖದ ಮುಂದೆ ನಿಂತುಬಿಡ್ತು ಕಣೋ. ಅತ್ತವರನ್ನ ನಾನೇ ನೋಡಿದೀನಿ."

"ಅವರು ಅತ್ತು ಮನೆಗೆ ಹೋದ್ರು. ನನ್ನ ಮಗಳು ಮನೇಲೇ ಉಳಿದ್ಲು."

ಹೊರಡುವಾಗ ನನ್ನ ಕಡೆ ತಿರುಗಿದರು. ಏನೋ ಹೇಳುತ್ತಾರೆಂದು ಕಾದೆ. "ರವಿಕೆ ರೆಡಿಯಾಗಿದೆ ಅಕ್ಕಾ" ಎಂದರು.

ಒಂದನೇ ತಾರೀಕು ಬಂತು, ಹೋಯಿತು. ಗುಂಡಿಯ ಸೀಟು ಪಟ್ಟಿಯಲ್ಲಿ ಅವಳ ಹಿಂದೆ ಇದ್ದವರಿಗೆ ಸಿಕ್ಕಿತು. ಎರಡು ಸಲ ನಾನು ಆ ತರಬೇತಿ ಸಂಸ್ಥೆಯ ಪ್ರಿನ್ಸಿಪಾಲರಿಗೆ ಕಾಗದ ಬರೆದೆ. ಎರಡಕ್ಕೂ ಮರ್ಯಾದೆಯ ಉತ್ತರ ಬಂತು. ಗುಂಡಿ ಅಂಗಡಿಯಲ್ಲಿ ಎರಡನೆಯ ಮೆಷಿನ್ ಹಾಕಿಸಿಕೊಂಡಳು. ಕಾಜಾ ಹಾಕುವುದರಲ್ಲಿ ಅವಳ ಕೈ ಬಹಳ ಚೊಕ್ಕ ಎಂದು ಊರಿನವರು ಹೇಳತೊಡಗಿದರು.

ಇವರಿಗೂ ಹೆಸರು ಬಂತು. ಕಿರಾಣಿ ಅಂಗಡಿಯವನೊಬ್ಬ ಬಂದು, "ಆ ಥರ ದುಃಖದ್ದು ನಂಗೂ ಒಂದು ತೆಗೀರಿ ಸಾರ್, ಮನೆ ಹಾಲ್‌ನ ಗೋಡೆಗೆ ಹಾಕ್ತೀನಿ" ಎಂದು ಕೂತ. ಇವರು ತೆಗೆದೂ ಕೊಟ್ಟರು. ಆದರೆ ಎರಡನೆಯ ಕ್ಲಿಕ್ಕಿನ ಗುಟ್ಟು ಊರಿಗೆಲ್ಲ ತಿಳಿದು, "ಆಯ್ತು" ಎಂದ ಮೇಲೆ ಈಗ ಯಾರೂ ಮೈ ಸಡಿಲಿಸುವುದಿಲ್ಲ. ಇನ್ನೂ ಬಿಗಿಯುತ್ತಾರೆ, ಕೆಲವರು ಎರಡನೆಯದಕ್ಕೆಂದೇ ಹೊಸದಾಗಿ ಗದ್ದ ತಗ್ಗಿಸುತ್ತಾರೆ. ಮರುವರ್ಷ ಕಳಿಸಿದ ಆರೂ ಚಿತ್ರಗಳು ಮರಳಿ ಬಂದವು.

ಗೋಡೆಯ ಆಚೆಯಿಂದ ಟೈಲರ ನಗು ಮಾತ್ರ ನಿಲ್ಲಲಿಲ್ಲ. ಹೆಚ್ಚಾಯಿತು. ಮೊದಲು ಮಗಳು ಬಸ್ ಹತ್ತುವವರೆಗೆ ನಡೆಸಿದರೆ ಸಾಕಿತ್ತು. ಈಗ ಅವಳು ದಿನವಿಡೀ ಎದುರಿನ ಮೆಷಿನ್ನಿನಲ್ಲೇ ಕೂತಿರುತ್ತಾಳೆ, ತಲೆಯೆತ್ತಿ ತಲೆಯೆತ್ತಿ ಅಪ್ಪನ ಮುಖ ನೋಡುತ್ತಿರುತ್ತಾಳೆ. ಒಬ್ಬರೇ ಕೂರಲು ಅವರಿಗೆ ಒಂದು ಗಳಿಗೆಯಿಲ್ಲ. ಅಂಗಡಿ ತೆರೆದಾಗಿನಿಂದ ಮುಚ್ಚುವವರೆಗೆ ಹಾಡು, ಚೇಷ್ಟೆ, ಗಿರಾಕಿಗಳಿಗೆ ಅಡ್ಡಹೆಸರು. ಗುಂಡಿಯೂ ನಗುತ್ತಾಳೆ, ಅಪ್ಪನಿಗಾಗಿ. ಇಬ್ಬರ ನಗುವೂ ಸೇರಿ ಕೆಲವೊಮ್ಮೆ ನನ್ನ ಮೇಜಿನ ಪೆನ್ಸಿಲುಗಳವರೆಗೂ ಬರುತ್ತದೆ.

ಮೊನ್ನೆ ಮಧ್ಯಾಹ್ನ ಹಾಗೇ ಕೇಳಿಸಿತು. ಇವರು ವಾಪಸು ಬಂದ ಚಿತ್ರಗಳನ್ನು ಕಟ್ಟುತ್ತಿದ್ದವರು ಕೈ ನಿಲ್ಲಿಸಿ, ಗೋಡೆಯ ಕಡೆ ಕಿವಿಗೊಟ್ಟರು. ಎಷ್ಟೋ ತಿಂಗಳ ನಂತರ ಅವರ ಮುಖ ತಿಳಿಯಾಯಿತು.

"ಕೇಳಿದ್ಯಾ? ಹೇಗೆ ನಗ್ತಿದಾನೆ ನೋಡು" ಎಂದರು. "ಸರಿಹೋದ ಕಣೇ ಅವನು. ಸುಮ್ಮನೆ ಹೆದರಿದ್ದೆ ನೀನು."